ಸರ್ವರ್ ತೆಗೆದ ಮೇಲೆ ಹಳೇ ಬ್ಯಾಕಪ್ ಹೊರಗೆ ತಂದ ಕಥೆ

ಬ್ಯಾಕಪ್ ಸರ್ವರ್‌ಗಳನ್ನೆಲ್ಲ ಒಂದು ಮಾಡಿ ಮುಗಿಸಿದ ಮೇಲೆ ನಾನು ಈ ತಂಡಕ್ಕೆ ಸೇರಿದೆ. ಅದಕ್ಕೂ ಮುಂಚೆ ಮೂರು ಕಚೇರಿಗಳಲ್ಲಿ ಮೂರು ಸರ್ವರ್ ಇದ್ದವು. ಮೂರರಲ್ಲೂ ಬ್ಯಾಕುಲಾ ಎಂಬ ಬ್ಯಾಕಪ್ ತಂತ್ರಾಂಶ ಓಡುತ್ತಿತ್ತು. ಒಂದೊಂದಕ್ಕೂ ತನ್ನದೇ ಟೇಪ್ ಡ್ರೈವ್, ತನ್ನದೇ ಕ್ಯಾಟಲಾಗ್. ಆಮೇಲೆ ಎಲ್ಲ ಕಚೇರಿಗಳ ಬ್ಯಾಕಪ್ಪೂ ಎಲ್‌ಟಿಒ-8 (ಎಲ್‌ಟಿಒ ಎಂಬ ಟೇಪ್ ಬಗೆಯ ಎಂಟನೇ ಪೀಳಿಗೆ) ಟೇಪ್ ಲೈಬ್ರರಿ ಇರುವ ಒಂದೇ ದೊಡ್ಡ ಸರ್ವರ್‌ಗೆ ಬಂತು. ಹಳೇ ಸರ್ವರ್‌ಗಳ ಡಿಸ್ಕ್ ಅಳಿಸಿ ಯಂತ್ರಗಳನ್ನು ವಿಲೇವಾರಿ ಮಾಡಿದರು. ಟೇಪ್‌ಗಳನ್ನು ಮಾತ್ರ ಜೋಪಾನವಾಗಿ ಒಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕಾನೂನು ವಿಭಾಗದ ಮೇಡಂ ಫೋನ್ ಮಾಡಿದ್ದು ಇದಾಗಿ ತುಂಬಾ ದಿನಗಳ ನಂತರ. ಎರಡನೇ ಕಚೇರಿಯಲ್ಲಿ ಎಂದೋ ಮುಗಿದುಹೋದ ಒಂದು ಕಾಮಗಾರಿಯ ಫೋಲ್ಡರ್ ಅವರಿಗೆ ಬೇಕಿತ್ತು. ಅದರಲ್ಲಿ ಒಪ್ಪಂದದ ಪ್ರತಿ, ಅಳತೆಯ ಲೆಕ್ಕ, ಕೆಲಸ ಮಾಡಿದವರ ಹಾಜರಿ ಎಲ್ಲ ಇತ್ತಂತೆ. ಕೆಲವರಿಗೆ ಬರಬೇಕಾದ ಬಾಕಿ ಹಣದ ತಕರಾರು ಇನ್ನೂ ಇತ್ಯರ್ಥವಾಗಿರಲಿಲ್ಲ. ಫೈಲ್ ಸರ್ವರ್‌ನಲ್ಲಿದ್ದ ಫೋಲ್ಡರನ್ನು ಜಾಗ ಸಾಲದೆ ಅಳಿಸಿಯಾಗಿತ್ತು. "ಟೇಪ್ ಇದೆ ಅಲ್ವಾ ಸರ್, ಸಿಗುತ್ತೆ ಅಲ್ವಾ?" ಎಂದರು. ಟೇಪ್ ಇದೆ ಮೇಡಂ, ನೋಡಿ ಹೇಳ್ತೀನಿ ಎಂದೆ. ಸಿಗುತ್ತದೆ ಎಂದು ಆಗಲೇ ಮಾತು ಕೊಡಲು ಮನಸ್ಸು ಒಪ್ಪಲಿಲ್ಲ.

ಟೇಪ್ ಇದ್ದ ಮಾತ್ರಕ್ಕೆ ಬ್ಯಾಕಪ್ ಇದೆ ಎಂದು ಹೇಳೋಕಾಗಲ್ಲ. ಯಾವ ಫೈಲು, ಯಾವ ದಿನದ್ದು, ಯಾವ ಟೇಪ್‌ನ ಯಾವ ಜಾಗದಲ್ಲಿದೆ ಎಂಬುದೆಲ್ಲ ಇರುವುದು ಕ್ಯಾಟಲಾಗ್ ಎಂಬ ಡೇಟಾಬೇಸ್‌ನಲ್ಲಿ. ಆ ಕ್ಯಾಟಲಾಗ್ ಇದ್ದದ್ದು ಅಳಿಸಿಹೋದ ಡಿಸ್ಕ್‌ಗಳಲ್ಲಿ.

ಅದಕ್ಕೂ ಮೊದಲು ಡ್ರೈವ್‌ನದ್ದೇ ತಾಪತ್ರಯ. ಬೀರುವಿನಲ್ಲಿದ್ದದ್ದು ಹೆಚ್ಚಾಗಿ ಎಲ್‌ಟಿಒ-4 ಟೇಪ್‌ಗಳು, ಒಂದಷ್ಟು ಎಲ್‌ಟಿಒ-5. ಎಲ್‌ಟಿಒ-7ರವರೆಗಿನ ಡ್ರೈವ್‌ಗಳು ತಮಗಿಂತ ಎರಡು ಪೀಳಿಗೆ ಹಿಂದಿನ ಟೇಪನ್ನೂ ಓದುತ್ತವೆ. ಎಲ್‌ಟಿಒ-8ರಿಂದ ಆ ಸೌಲಭ್ಯ ಕಡಿಮೆಯಾಯಿತು, ಅದು ಓದುವುದು 7 ಮತ್ತು 8 ಮಾತ್ರ. ಅಂದರೆ ನಮ್ಮ ಹೊಸ ಲೈಬ್ರರಿಗೆ ಬೀರುವಿನಲ್ಲಿದ್ದ ಒಂದೇ ಒಂದು ಟೇಪನ್ನೂ ಓದಲು ಬರುತ್ತಿರಲಿಲ್ಲ. ಹಳೇ ಡ್ರೈವ್‌ಗಳೂ ಸರ್ವರ್‌ಗಳ ಜೊತೆಗೇ ಹೋಗಿದ್ದವು. ಕೊನೆಗೆ ಬಳಸಿದ ಒಂದು ಎಲ್‌ಟಿಒ-6 ಡ್ರೈವ್ ತರಿಸಿದೆವು. ಅದು 4, 5, 6 ಮೂರನ್ನೂ ಓದುತ್ತದೆ. ಜೊತೆಗೆ ಡ್ರೈವನ್ನು ಯಂತ್ರಕ್ಕೆ ಜೋಡಿಸುವ ಒಂದು ಎಸ್‌ಎಎಸ್ ಕಾರ್ಡ್, ಕೇಬಲ್, ಕ್ಲೀನಿಂಗ್ ಟೇಪ್. ಸುಮ್ಮನೆ ಬಿದ್ದಿದ್ದ ಒಂದು ಯಂತ್ರಕ್ಕೆ ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಹಾಕಿದೆ. ಅದರ ಜೊತೆ ಬರುವ ಬ್ಯಾಕುಲಾ ಆವೃತ್ತಿ 5.2.13. ಹಳೇ ಸರ್ವರ್‌ಗಳಲ್ಲಿ ಓಡುತ್ತಿದ್ದದ್ದೂ 5.2 ಎಂದು ಹಳೇ ಟಿಪ್ಪಣಿಯೊಂದರಲ್ಲಿತ್ತು. ಆವೃತ್ತಿ ಒಂದೇ ಆದರೆ ಕ್ಯಾಟಲಾಗ್‌ನ ಟೇಬಲ್‌ಗಳ ರಚನೆಯೂ ಒಂದೇ ಆಗಿರುತ್ತದೆ, ಅಪ್‌ಗ್ರೇಡ್ ಸ್ಕ್ರಿಪ್ಟ್‌ಗಳ ತಂಟೆ ಇರುವುದಿಲ್ಲ. ಹಳೇ ಆವೃತ್ತಿ ಅಂತ ಈ ಯಂತ್ರವನ್ನು ಹೊರಗಿನ ನೆಟ್‌ವರ್ಕ್‌ಗೆ ಸೇರಿಸಲಿಲ್ಲ.

ಟೇಪ್‌ಗಳನ್ನು ಡ್ರೈವ್ ಇರುವ ಕೋಣೆಗೆ ತಂದು ಒಂದು ಇಡೀ ದಿನ ಸುಮ್ನೆ ಇಟ್ಟೆವು. ಬೇರೆ ಹವೆಯಲ್ಲಿದ್ದ ಟೇಪ್ ಹೊಸ ಜಾಗಕ್ಕೆ ಹೊಂದಿಕೊಳ್ಳಬೇಕು, ತಂದ ಕೂಡಲೇ ಹಾಕಿ ಓಡಿಸಬಾರದು. ಪ್ರತಿಯೊಂದರ ಮೂಲೆಯಲ್ಲಿರುವ ಪುಟ್ಟ ಲಾಕನ್ನೂ ಸರಿಸಿ ಬರೆಯದಂತೆ ಮಾಡಿದೆವು. ಇದನ್ನು ಮಾಡದೆ ಹಳೇ ಟೇಪನ್ನು ಡ್ರೈವ್ ಹತ್ತಿರಕ್ಕೂ ಒಯ್ಯಬಾರದು ಅನ್ನೋದು ನನ್ನ ಹಟ. ಇರುವುದು ಒಂದೇ ಪ್ರತಿ.

ಆಮೇಲೆ ಕಂಡದ್ದು ಹೆಸರುಗಳ ಗೊಂದಲ. ಮೂರೂ ಕಚೇರಿಗಳಲ್ಲಿ ಟೇಪ್‌ಗಳಿಗೆ ವಾಲ್-0001, ವಾಲ್-0002 ಅಂತಲೇ ಹೆಸರು. ಬೇರೆ ಬೇರೆ ಊರಲ್ಲಿದ್ದಾಗ ಯಾರಿಗೂ ತೊಂದರೆ ಆಗಿರಲಿಲ್ಲ. ಈಗ ಒಂದೇ ಬೀರು. ವಾಲ್-0014 ಅಂತ ಚೀಟಿ ಅಂಟಿಸಿದ ಟೇಪ್ ಮೂರು ಸಿಕ್ಕವು. ಯಾವುದು ಯಾವ ಕಚೇರಿಯದ್ದು? ಡಬ್ಬದ ಮೇಲೆ ಬರೆದಿರಲಿಲ್ಲ.

ಇದಕ್ಕೆ ಉತ್ತರ ಟೇಪ್‌ನ ಒಳಗೇ ಇತ್ತು. ಬ್ಯಾಕುಲಾ ಪ್ರತಿ ಟೇಪ್‌ನ ಶುರುವಿನಲ್ಲಿ ಒಂದು ಲೇಬಲ್ ಬರೆದಿಡುತ್ತದೆ. ಬಿಎಲ್‌ಎಸ್ ಎಂಬ ಸಣ್ಣ ಸಾಧನದಿಂದ ಅದನ್ನು ಓದಬಹುದು, ಕ್ಯಾಟಲಾಗ್ ಬೇಕಿಲ್ಲ. ಮೊದಲ ಟೇಪ್ ಹಾಕಿದೆ. ಮೊದಲ ಸಾಲಿನಲ್ಲಿ "ಬ್ಯಾಕುಲಾ 1.0 ಇಮ್ಮಾರ್ಟಲ್" ಎಂಬ ಗುರುತು ಬಂತು. ಅದರ ಕೆಳಗೆ ಟೇಪ್‌ನ ಹೆಸರು, ಪೂಲ್‌ನ (ಟೇಪ್‌ಗಳ ಗುಂಪಿನ) ಹೆಸರು, ಲೇಬಲ್ ಬರೆದ ದಿನ. ಅದರ ಜೊತೆಗೇ, ಅದನ್ನು ಬರೆದ ಯಂತ್ರದ ಹೋಸ್ಟ್‌ನೇಮ್! ಎಂದೋ ವಿಲೇವಾರಿಯಾದ ಸರ್ವರ್‌ನ ಹೆಸರು ಪರದೆಯ ಮೇಲೆ ಕಂಡಾಗ ಆದ ಸಮಾಧಾನ ಅಷ್ಟಿಷ್ಟಲ್ಲ. ಲೇಬಲ್ ಓದಲು ಟೇಪ್ ಪೂರ್ತಿ ಓಡಿಸಬೇಕಿಲ್ಲ, ಬೇಗ ಮುಗಿಯುತ್ತದೆ. ನಾನು ಮತ್ತು ನನ್ನ ಸಹೋದ್ಯೋಗಿ ಇಬ್ಬರೂ ಕೂತು ಎಲ್ಲ ಟೇಪ್‌ಗಳ ಲೇಬಲ್ ಓದಿ, ಕಚೇರಿಗೊಂದು ಬಣ್ಣದ ಚೀಟಿ ಅಂಟಿಸಿದೆವು. ಬೇಸರದ ಕೆಲಸವೇ. ಆದರೆ ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿತ್ತು.

ಎರಡನೇ ಕಚೇರಿಯ ರಾಶಿಯೇನೋ ಬೇರೆಯಾಯಿತು. ಅದರಲ್ಲಿ ಯಾವ ಟೇಪ್ ತೆಗೆಯೋದು? ಒಂದು ಎಲ್‌ಟಿಒ-4 ಟೇಪ್ 800 ಜಿಬಿ ಹಿಡಿಸುತ್ತದೆ, ಡ್ರೈವ್ ಸೆಕೆಂಡಿಗೆ 120 ಎಂಬಿ ವೇಗದಲ್ಲಿ ಓಡುತ್ತದೆ. ಎಲ್ಲೂ ನಿಲ್ಲದೆ ಓದಿದರೂ ಒಂದು ಟೇಪ್‌ಗೆ ಎರಡು ಗಂಟೆಯ ಹತ್ತಿರ ಬೇಕು. ನಿಜವಾಗಿ ಅದಕ್ಕಿಂತ ಜಾಸ್ತಿಯೇ. ಹಳೇ ಕ್ಯಾಸೆಟ್‌ನಲ್ಲಿ ಬೇಕಾದ ಹಾಡು ಎಲ್ಲಿದೆ ಅಂತ ಗೊತ್ತಿಲ್ಲದೆ ಮೊದಲಿನಿಂದ ಓಡಿಸಿದ ಹಾಗೆ, ಇಡೀ ಬೀರನ್ನು ಓದುತ್ತಾ ಕೂರೋದು ಆಗದ ಮಾತು.

ದಾರಿ ತೋರಿಸಿದ್ದು ಹಳೇ ಮೇಲ್‌ಗಳು. ಬ್ಯಾಕುಲಾ ಪ್ರತಿ ಜಾಬ್, ಅಂದರೆ ಒಂದು ಸಲದ ಬ್ಯಾಕಪ್ ಕೆಲಸ, ಮುಗಿದಾಗ ಒಂದು ವರದಿ ಮೇಲ್ ಮಾಡುತ್ತದೆ. ಆ ಮೂರೂ ಸರ್ವರ್‌ಗಳ ಮೇಲ್ ಒಂದು ಸಾಮಾನ್ಯ ಮೇಲ್‌ಬಾಕ್ಸ್‌ಗೆ ಬರುತ್ತಿತ್ತು. ಅದನ್ನು ಯಾರೂ ಖಾಲಿ ಮಾಡಿರಲಿಲ್ಲ. ದಿನಾ ಬೆಳಿಗ್ಗೆ ಬಂದು ಬೀಳುತ್ತಿದ್ದ, ಯಾರೂ ತೆರೆದು ನೋಡದ ಸಾವಿರಾರು ವರದಿಗಳು. ಒಂದನ್ನು ತೆಗೆದು ನಿಧಾನಕ್ಕೆ ಓದಿದೆ. ಜಾಬ್‌ನ ಹೆಸರು, ಕ್ಲೈಂಟ್ (ಯಾವ ಯಂತ್ರದ ಬ್ಯಾಕಪ್), ಅದು ಫುಲ್ಲೋ (ಎಲ್ಲ ಫೈಲ್) ಇಂಕ್ರಿಮೆಂಟಲ್ಲೋ (ಬದಲಾದವು ಮಾತ್ರ), ಎಷ್ಟು ಫೈಲ್ ಬರೆಯಿತು, ಯಾವ ಟೇಪ್‌ಗೆ ಬರೆಯಿತು. ಇನ್ನೂ ಕೆಳಗೆ, ಸಾಮಾನ್ಯವಾಗಿ ಯಾರ ಕಣ್ಣೂ ನಿಲ್ಲದ ಎರಡು ಸಾಲು: ವಾಲ್ಯೂಮ್ ಸೆಷನ್ ಐಡಿ, ವಾಲ್ಯೂಮ್ ಸೆಷನ್ ಟೈಮ್.

ಈ ಎರಡು ಸಂಖ್ಯೆಗಳ ಬೆಲೆ ಬ್ಯಾಕುಲಾ ಜೊತೆ ಒದ್ದಾಡಿದವರಿಗೆ ಗೊತ್ತು. ಒಂದೇ ಟೇಪ್‌ನಲ್ಲಿ ಹಲವು ಜಾಬ್‌ಗಳ ಡೇಟಾ ಒಂದರೊಳಗೊಂದು ಕಲೆತಿರಬಹುದು. ಯಾವ ತುಂಡು ಯಾವ ಜಾಬ್‌ನದ್ದು ಎಂದು ಟೇಪ್ ಗುರುತಿಸುವುದು ಈ ಜೋಡಿಯಿಂದಲೇ. ಟೇಪ್‌ನ ಹೆಸರು, ಸೆಷನ್ ಐಡಿ, ಸೆಷನ್ ಟೈಮ್ ಈ ಮೂರನ್ನು ಮೂರು ಸಾಲಾಗಿ ಬರೆದರೆ ಅದೇ ಒಂದು ಬೂಟ್‌ಸ್ಟ್ರಾಪ್ ಫೈಲ್. ಅದನ್ನು ಕೊಟ್ಟರೆ ಬಿಎಕ್ಸ್‌ಟ್ರಾಕ್ಟ್ ಎಂಬ ಸಾಧನ ಕ್ಯಾಟಲಾಗ್ ಇಲ್ಲದೆಯೇ ಆ ಜಾಬ್ ಒಂದನ್ನೇ ಟೇಪ್‌ನಿಂದ ಎತ್ತಿಕೊಡುತ್ತದೆ.

ಹಾಗಾದರೆ ಯಾವ ಜಾಬ್ ಎತ್ತೋದು? ನಾನು ಮೊದಲು ಹುಡುಕಿದ್ದು ಕಾಮಗಾರಿಯ ಫೋಲ್ಡರನ್ನಲ್ಲ. ಬ್ಯಾಕುಲಾದ ಜೊತೆ ಬರುವ ಮಾದರಿ ಸೆಟ್ಟಿಂಗ್‌ನಲ್ಲಿ, ರಾತ್ರಿಯ ಬ್ಯಾಕಪ್‌ಗಳೆಲ್ಲ ಮುಗಿದ ಮೇಲೆ ಕ್ಯಾಟಲಾಗ್‌ನ ಒಂದು ಡಂಪ್ (ಇಡೀ ಡೇಟಾಬೇಸ್‌ನ ಪ್ರತಿ) ತೆಗೆದು ಅದನ್ನೂ ಬ್ಯಾಕಪ್ ಮಾಡುವ ಒಂದು ಜಾಬ್ ಇರುತ್ತದೆ. ಎರಡನೇ ಕಚೇರಿಯಲ್ಲಿ ಅದನ್ನು ಯಾರೂ ತೆಗೆದುಹಾಕಿರಲಿಲ್ಲ. ಸರ್ವರ್ ನಿಲ್ಲಿಸುವ ಹಿಂದಿನ ರಾತ್ರಿಯ ಆ ಜಾಬ್‌ನ ಮೇಲ್ ಸಿಕ್ಕಿತು. ಟೇಪ್‌ನ ಹೆಸರೂ ಅದರಲ್ಲಿತ್ತು. ಬಣ್ಣದ ಚೀಟಿ ನೋಡಿ ಸರಿಯಾದ ಟೇಪನ್ನೇ ತೆಗೆದು ಹಾಕಿದೆ.

ಓದಲಿಲ್ಲ.

ಲೇಬಲ್ ಸರಿಯಾಗಿ ಬರುತ್ತದೆ, ಡೇಟಾ ಶುರುವಾದ ಕೂಡಲೇ ತಪ್ಪು ತೋರಿಸುತ್ತದೆ. ಟೇಪ್ ಹಾಳಾಗಿದೆಯೇನೋ ಎಂಬ ಭಯ ಬಂತು. ಕ್ಲೀನಿಂಗ್ ಟೇಪ್ ಓಡಿಸಿದರೂ ಅಷ್ಟೇ. ಆಮೇಲೆ ಬ್ಯಾಕುಲಾವನ್ನು ಪಕ್ಕಕ್ಕಿಟ್ಟು, ಲಿನಕ್ಸ್‌ನ ಡಿಡಿ ಕಮಾಂಡ್‌ನಿಂದಲೇ ಟೇಪ್‌ನ ಒಂದು ಬ್ಲಾಕ್ ಓದಲು ನೋಡಿದೆ. ಬ್ಲಾಕ್‌ನ ಅಳತೆ 64,512 ಬೈಟ್ ಅಂತ ಕೊಟ್ಟೆ. ಬ್ಯಾಕುಲಾ ತಾನಾಗಿ ಬಳಸುವ ಅಳತೆ ಅದು. ಬಂದ ಉತ್ತರ, "ಕೆನಾಟ್ ಅಲೋಕೇಟ್ ಮೆಮೊರಿ". ಯಂತ್ರದಲ್ಲಿ ಮೆಮೊರಿ ಬೇಕಾದಷ್ಟಿತ್ತು. ಲಿನಕ್ಸ್‌ನ ಟೇಪ್ ಡ್ರೈವರ್ ಹೀಗೆ ಹೇಳಿದರೆ ಅರ್ಥ ಬೇರೆ: ಟೇಪ್ ಮೇಲಿರುವ ಬ್ಲಾಕ್ ನೀನು ಹಿಡಿದ ಪಾತ್ರೆಗಿಂತ ದೊಡ್ಡದು. ಅಳತೆಯನ್ನು ಒಂದು ಎಂಬಿಗೆ ಏರಿಸಿದೆ. ತಕ್ಷಣ ಓದಿತು. ಬಂದದ್ದು 2,62,144 ಬೈಟ್, ಅಂದರೆ ಸರಿಯಾಗಿ 256 ಕೆಬಿ. ಓದಿದ ಬ್ಲಾಕ್‌ನ ಶುರುವಿನಲ್ಲೇ ಬ್ಯಾಕುಲಾದ ಗುರುತಾದ ಬಿಬಿ02 ಎಂಬ ನಾಲ್ಕು ಅಕ್ಷರ ಕಣ್ಣಿಗೆ ಬಿತ್ತು. ಟೇಪ್ ಗಟ್ಟಿಯಾಗಿಯೇ ಇದೆ! ವೇಗ ಹೆಚ್ಚಿಸಲು ಆ ಕಚೇರಿಯಲ್ಲಿ ಯಾರೋ ಬ್ಲಾಕ್ ದೊಡ್ಡದು ಮಾಡಿಕೊಂಡಿದ್ದರು, ಒಳ್ಳೆಯ ಕೆಲಸವೇ. ಆದರೆ ಆ ಒಂದು ಸಾಲಿನ ಸೆಟ್ಟಿಂಗ್ ಇದ್ದ ಫೈಲ್ ಸರ್ವರ್ ಜೊತೆಗೇ ಹೋಗಿತ್ತು. ನಮ್ಮ ಯಂತ್ರದಲ್ಲೂ ಅದೇ ಅಳತೆ ಹಾಕಿದ ಮೇಲೆ ಬಿಎಕ್ಸ್‌ಟ್ರಾಕ್ಟ್ ಕ್ಯಾಟಲಾಗ್‌ನ ಡಂಪನ್ನು ತಂದು ಕೊಟ್ಟಿತು.

ಡಂಪನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶಕ್ಕೆ ತುಂಬಿಸುವಾಗ ನೆನಪಿಡಬೇಕಾದದ್ದು ಒಂದಿದೆ. ಡೇಟಾಬೇಸ್‌ನ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಬರೆದಿಡುವ ಕ್ರಮ, ಎಸ್‌ಕ್ಯುಎಲ್-ಆಸ್ಕಿ ಆಗಿರಬೇಕು. ಹಳೇ ಫೈಲ್‌ಗಳ ಹೆಸರಲ್ಲಿ ಯುಟಿಎಫ್-8ಗೆ ಹೊಂದದ ಅಕ್ಷರಗಳು ಇದ್ದೇ ಇರುತ್ತವೆ. ಯುಟಿಎಫ್-8 ಅಂತ ಡೇಟಾಬೇಸ್ ಮಾಡಿದರೆ ತುಂಬಿಸುವುದು ನಡುವಲ್ಲೇ ನಿಲ್ಲುತ್ತದೆ.

ಈಗ ಎಲ್ಲ ಸುಲಭ ಅನಿಸಿತು. ಬ್ಯಾಕುಲಾದ ಕನ್ಸೋಲ್ ತೆರೆದು, ಫೈಲ್ ಸರ್ವರ್‌ನ ಹೆಸರು ಆರಿಸಿ, ಕಾಮಗಾರಿ ನಡೆಯುತ್ತಿದ್ದ ಕಾಲದ ಒಂದು ದಿನಾಂಕ ಕೊಟ್ಟು, ಆ ದಿನಕ್ಕೆ ಇದ್ದ ಹಾಗೆ ಬೇಕು ಅಂದೆ. ಬೇಕಾದ ಜಾಬ್‌ಗಳನ್ನು, ಟೇಪ್‌ಗಳನ್ನು ಸರಿಯಾಗಿಯೇ ತೋರಿಸಿತು. ಫೈಲ್ ಆರಿಸಲು ಹೋದರೆ ಮಾತ್ರ, ಪಟ್ಟಿಯಲ್ಲಿ ಒಂದೂ ಫೈಲ್ ಇಲ್ಲ, ನಿಮ್ಮ ರಿಟೆನ್ಶನ್ ನಿಯಮದಂತೆ ಅವು ಅಳಿಸಿಹೋಗಿರಬೇಕು, ಎಲ್ಲವನ್ನೂ ರಿಸ್ಟೋರ್ ಮಾಡಲೇ ಎಂದು ಕೇಳಿತು.

ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ಯಾಕುಲಾದಲ್ಲಿ ಅವಧಿಗಳು ಮೂರು. ಒಂದೊಂದು ಫೈಲ್‌ನ ವಿವರ ಎಷ್ಟು ದಿನ ಇರಬೇಕು, ಜಾಬ್‌ನ ವಿವರ ಎಷ್ಟು ದಿನ, ಟೇಪ್ ಎಷ್ಟು ದಿನ. ನಾವು ಏನೂ ಹೇಳದಿದ್ದರೆ ಫೈಲ್‌ಗೆ 60 ದಿನ, ಜಾಬ್‌ಗೆ 180 ದಿನ, ಟೇಪ್‌ಗೆ ಒಂದು ವರ್ಷ. ಆ ಕಚೇರಿಯಲ್ಲಿ ಟೇಪ್ ಮತ್ತು ಜಾಬ್‌ನ ಅವಧಿಯನ್ನು ವರ್ಷಗಟ್ಟಲೆಗೆ ಏರಿಸಿದ್ದರು. ಫೈಲ್‌ನ ಅವಧಿ ಇದ್ದ ಹಾಗೇ ಇತ್ತು. ಹಾಗಾಗಿ ಕ್ಯಾಟಲಾಗ್ ಬೆಳೆಯದೆ ಸಣ್ಣಗೆ ಉಳಿಯುತ್ತಿತ್ತು, ದಿನನಿತ್ಯದ ರಿಸ್ಟೋರ್‌ಗೂ ಅಡ್ಡಿಯಿರಲಿಲ್ಲ. ಹಳೆಯದನ್ನು ಹುಡುಕುವಾಗ ಮಾತ್ರ ಹೆಸರುಗಳಿಲ್ಲ. ಟೇಪ್ ಮೇಲೆ ಫೈಲ್ ಇರುತ್ತದೆ, ಕ್ಯಾಟಲಾಗ್‌ಗೆ ಅದರ ನೆನಪಿರುವುದಿಲ್ಲ.

ಇಡೀ ಫೈಲ್ ಸರ್ವರನ್ನೇ ರಿಸ್ಟೋರ್ ಮಾಡುವಷ್ಟು ಡಿಸ್ಕ್ ನಮ್ಮಲ್ಲಿರಲಿಲ್ಲ. ಬಿಎಕ್ಸ್‌ಟ್ರಾಕ್ಟ್‌ನಿಂದ ಫೋಲ್ಡರ್ ಒಂದನ್ನೇ ಎತ್ತಬಹುದಿತ್ತು, ಆದರೆ ಅದು ಫೈಲ್‌ಗಳ ಅನುಮತಿ ಪಟ್ಟಿಯನ್ನು ವಾಪಸ್ ತರುವುದಿಲ್ಲ. ಕಾನೂನು ವಿಭಾಗಕ್ಕೆ ಫೈಲ್‌ನ ದಿನಾಂಕದ ಜೊತೆಗೆ ಅದು ಯಾರ ಖಾತೆಯದ್ದು ಎಂಬುದೂ ಬೇಕಿತ್ತು. ಹಾಗಾಗಿ ಬಿಸ್ಕ್ಯಾನ್ ದಾರಿ ಹಿಡಿದೆವು. ಇದು ಟೇಪನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಕಂಡ ಪ್ರತಿ ಫೈಲ್‌ನ ವಿವರವನ್ನೂ ಕ್ಯಾಟಲಾಗ್‌ಗೆ ಮತ್ತೆ ಬರೆಯುತ್ತದೆ. ಈಗ ಯಾವ ಟೇಪ್ ಅಂತ ಗೊತ್ತಿದ್ದರಿಂದ ಬೇಕಾದ ಕೆಲವನ್ನಷ್ಟೇ ಓದಿಸಿದರೆ ಸಾಕಾಯಿತು. ಫುಲ್ ಬ್ಯಾಕಪ್ ಒಂದು ಟೇಪ್‌ನಲ್ಲಿ ತುಂಬಿ ಮುಂದಿನದಕ್ಕೆ ಹರಿದಿತ್ತು, ಹಾಗಾಗಿ ಅವುಗಳನ್ನು ಸರಿಯಾದ ಕ್ರಮದಲ್ಲೇ ಕೊಡಬೇಕಾಯಿತು.

ಬಿಸ್ಕ್ಯಾನ್ ಓಡಿಸುವ ಮೊದಲು ಮೂರೂ ಅವಧಿಗಳನ್ನು ತುಂಬಾ ಉದ್ದ ಮಾಡಿ, ತಾನಾಗಿ ಅಳಿಸುವ ಆಟೋಪ್ರೂನ್ ಸೌಲಭ್ಯವನ್ನು ನಿಲ್ಲಿಸಿದೆ. ಈ ಫೈಲ್‌ಗಳ ಅವಧಿ ಎಂದೋ ಮುಗಿದಿದೆ. ಹಾಗೇ ಬಿಟ್ಟರೆ ಗಂಟೆಗಟ್ಟಲೆ ಓದಿ ತುಂಬಿಸಿದ ವಿವರವನ್ನು ಮುಂದಿನ ಯಾವುದೋ ಜಾಬ್ ಮುಗಿದಾಗ ಬ್ಯಾಕುಲಾ ತನ್ನ ನಿಯಮದಂತೆ ಮತ್ತೆ ಅಳಿಸಿಬಿಡಬಹುದು. ಟೇಪ್‌ಗಳ ಸ್ಥಿತಿಯನ್ನೂ ಓದಲು ಮಾತ್ರ ಎಂದು ಬದಲಿಸಿದೆ.

ಕೊನೆಗೆ ಫೋಲ್ಡರ್‌ನ ಹೆಸರು ಮರದಂತೆ ಕವಲೊಡೆದು ಪರದೆಯ ಮೇಲೆ ಬಂತು. ಅಳತೆಯ ಲೆಕ್ಕ, ಹಾಜರಿ, ಪತ್ರವ್ಯವಹಾರ, ಎಲ್ಲವೂ. ಹಳೇ ಫೈಲ್ ಸರ್ವರ್ ಈಗಿಲ್ಲ, ಆದ್ದರಿಂದ ತಾತ್ಕಾಲಿಕ ವಿಂಡೋಸ್ ಯಂತ್ರವೊಂದಕ್ಕೆ ಬ್ಯಾಕುಲಾದ ಕ್ಲೈಂಟ್ ಹಾಕಿ, ರಿಸ್ಟೋರ್ ಅಲ್ಲಿಗೆ, ಬೇರೆ ಫೋಲ್ಡರ್‌ಗೆ ಅಂತ ಹೇಳಿದೆ. ಬಂದ ಫೈಲ್‌ಗಳನ್ನು ತೆರೆಯಲು ಹೋದರೆ ಅನುಮತಿ ಇಲ್ಲ ಎಂದಿತು. ಮಾಲೀಕರ ಹೆಸರಿನ ಜಾಗದಲ್ಲಿ ಎಸ್-1-5-21 ಎಂದು ಶುರುವಾಗುವ ಉದ್ದನೆಯ ಸಂಖ್ಯೆ. ಬಳಕೆದಾರರ ಖಾತೆಗಳನ್ನು ನೋಡಿಕೊಳ್ಳುತ್ತಿದ್ದ ಆ ಕಚೇರಿಯ ಹಳೇ ಡೊಮೇನ್ ಕೂಡ ಈಗಿಲ್ಲವಲ್ಲ, ಸಂಖ್ಯೆಯನ್ನು ಹೆಸರಾಗಿ ತೋರಿಸಲು ಯಾರೂ ಇಲ್ಲ. ಡೊಮೇನ್ ಬದಲಿಸಿದಾಗ ಮಾಡಿದ್ದ ಬಳಕೆದಾರರ ಪಟ್ಟಿ ಮಾನವ ಸಂಪನ್ಮೂಲ ವಿಭಾಗದಲ್ಲಿ ಉಳಿದಿತ್ತು. ಅದರಲ್ಲಿ ಈ ಸಂಖ್ಯೆಗಳೂ ಇದ್ದವು. ಮೊದಲು ಮಾಲೀಕರ ವಿವರವನ್ನು ಹಾಗೇ ಒಂದು ಫೈಲ್‌ಗೆ ಬರೆದಿಟ್ಟುಕೊಂಡೆವು, ಆಮೇಲೆ ಫೈಲ್‌ಗಳ ಇನ್ನೊಂದು ಪ್ರತಿ ಮಾಡಿ ಆ ಪ್ರತಿಯ ಅನುಮತಿಯನ್ನಷ್ಟೇ ಬದಲಿಸಿ ತೆರೆದೆವು. ಹಾಜರಿ ಪುಸ್ತಕದ ಸ್ಕ್ಯಾನ್ ಮಾಡಿದ ಪುಟಗಳು ಒಂದೂ ಕೆಡದೆ ಬಂದಿದ್ದವು. ಸಾಲು ಸಾಲು ಹೆಸರು, ಪಕ್ಕದಲ್ಲಿ ಸಹಿ, ಕೆಲವು ಕಡೆ ಹೆಬ್ಬೆಟ್ಟು. ಮೇಡಂಗೆ ಫೋನ್ ಮಾಡಿ ಸಿಕ್ಕಿತು ಎಂದು ಹೇಳಿದೆ. ಅವರು ಬಂದು ಪುಟಗಳನ್ನು ನೋಡಿ, "ಇವರೆಲ್ಲ ಕೇಳ್ತಿರೋದು ಇದನ್ನೇ ಸರ್" ಎಂದರು.

ಇಷ್ಟಾದ ಮೇಲೆ ಉಳಿದ ಎರಡು ಕಚೇರಿಗಳ ಕ್ಯಾಟಲಾಗನ್ನೂ ಹೊರಗೆ ತೆಗೆಯೋಣ ಎಂದು ಯಾರೂ ಕೇಳದಿದ್ದರೂ ಕೂತೆವು. ಮೊದಲ ಕಚೇರಿಯದು ಸರಾಗವಾಗಿ ಬಂತು. ಮೂರನೆಯದು ಬರಲಿಲ್ಲ ಎಂದರೆ ತಪ್ಪಾಗುತ್ತದೆ, ಬಂದೂ ಬಾರದಂತಾಯಿತು. ಅಲ್ಲಿ ಕ್ಲೈಂಟ್ ಯಂತ್ರಗಳಲ್ಲೇ ಡೇಟಾ ಎನ್‌ಕ್ರಿಪ್ಟ್ ಆಗಿ (ಕೀ ಇಲ್ಲದೆ ಓದಲಾಗದ ಹಾಗೆ) ಟೇಪ್‌ಗೆ ಹೋಗುತ್ತಿತ್ತು. ಬ್ಯಾಕುಲಾ ಹೀಗೆ ಮಾಡುವಾಗ ಫೈಲ್‌ನ ಒಳಗಿನದನ್ನು ಮಾತ್ರ ಮುಚ್ಚುತ್ತದೆ, ಹೆಸರು ಮುಚ್ಚುವುದಿಲ್ಲ. ಬಿಸ್ಕ್ಯಾನ್ ಓಡಿಸಿದರೆ ಫೋಲ್ಡರ್, ಫೈಲ್, ದಿನಾಂಕ, ಗಾತ್ರ ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ಒಳಗೇನಿದೆ ಎಂದು ತೆರೆಯಲು ಖಾಸಗಿ ಕೀ ಬೇಕು. ಕ್ಲೈಂಟ್‌ಗಳ ಕೀ ಆ ಯಂತ್ರಗಳಲ್ಲೇ ಇತ್ತು. ಅವುಗಳ ಬ್ಯಾಕಪ್ ಇದೆ, ಅದೂ ಅದೇ ಕೀಯಿಂದ ಮುಚ್ಚಿದ ಟೇಪ್‌ನೊಳಗೆ. ಇಂಥ ಹೊತ್ತಿಗಾಗಿಯೇ ಮಾಸ್ಟರ್ ಕೀ ಎಂಬ ಏರ್ಪಾಡಿದೆ. ಬ್ಯಾಕಪ್ ಆಗುವಾಗ ಅದರ ಸಾರ್ವಜನಿಕ ಭಾಗ ಸಾಕು, ಖಾಸಗಿ ಭಾಗವನ್ನು ಬೇರೆಡೆ ಭದ್ರವಾಗಿಡಬೇಕು. ಆ ಖಾಸಗಿ ಭಾಗ ಎಲ್ಲಿದೆ ಎಂದು ಈಗ ಅಲ್ಲಿ ಕೆಲಸ ಮಾಡುವ ಯಾರಿಗೂ ತಿಳಿಯದು. ಬಿಟ್ಟುಹೋದವರನ್ನೂ ವಿಚಾರಿಸಿದ್ದೇವೆ. ಆ ಟೇಪ್‌ಗಳ ಮೇಲೆ ಕೆಂಪು ಚೀಟಿ ಅಂಟಿಸಿ, ಕೀ ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದು, ಅವುಗಳಲ್ಲಿರುವ ಫೈಲ್‌ಗಳ ಪಟ್ಟಿಯನ್ನು ಆಯಾ ವಿಭಾಗಗಳಿಗೆ ಕೊಟ್ಟೆವು. ನಿಮ್ಮ ಬ್ಯಾಕಪ್ ಇದೆ ಎಂದು ನಾವು ಇಷ್ಟು ದಿನ ಹೇಳುತ್ತಿದ್ದದ್ದು ಈ ಫೈಲ್‌ಗಳ ಮಟ್ಟಿಗೆ ನಿಜವಲ್ಲ ಎಂದು ಅವರಿಗೆ ತಿಳಿದಿರಲೇಬೇಕು ಎಂಬುದು ನನ್ನ ಅಭಿಪ್ರಾಯ. ಕಾಗದದಲ್ಲೋ ಬೇರೆ ಕಂಪ್ಯೂಟರ್‌ನಲ್ಲೋ ಪ್ರತಿ ಇದ್ದರೆ ಈಗಲೇ ಜೋಪಾನ ಮಾಡಿಕೊಳ್ಳಬಹುದಲ್ಲ.

ಸಿಕ್ಕ ಕ್ಯಾಟಲಾಗ್‌ಗಳನ್ನು ಹೊಸ ಸರ್ವರ್‌ನ ಕ್ಯಾಟಲಾಗ್ ಜೊತೆ ಬೆರೆಸೋಣ ಎಂಬ ಸಲಹೆ ಬಂತು. ಬೇಡ ಎಂದೆ. ಒಂದು ಕ್ಯಾಟಲಾಗ್‌ನಲ್ಲಿ ಒಂದು ಹೆಸರಿಗೆ ಒಂದೇ ಟೇಪ್ ಇರಬಹುದು. ನಮ್ಮಲ್ಲಿ ವಾಲ್-0014 ಮೂರಿವೆ. ಹೆಸರು ತಿದ್ದಿದರೆ ಟೇಪ್‌ನೊಳಗಿನ ಲೇಬಲ್ ಜೊತೆ ತಾಳೆಯಾಗುವುದಿಲ್ಲ. ಮೂರು ಪ್ರತ್ಯೇಕ ಡೇಟಾಬೇಸ್, ಮೂರಕ್ಕೂ ಪ್ರತ್ಯೇಕ ಸೆಟ್ಟಿಂಗ್ ಫೈಲ್, ಬ್ಲಾಕ್ ಅಳತೆ ಸಮೇತ. ಅವೆಲ್ಲದರ ಡಂಪ್ ಈಗ ಹೊಸ ಸರ್ವರ್‌ನ ದಿನನಿತ್ಯದ ಬ್ಯಾಕಪ್‌ನಲ್ಲಿ ಸೇರಿದೆ. ಮೇಲ್‌ಬಾಕ್ಸ್‌ನಲ್ಲಿದ್ದ ಹಳೇ ವರದಿಗಳನ್ನೂ ಅಲ್ಲೇ ಇಟ್ಟಿದ್ದೇವೆ.

ಎಲ್‌ಟಿಒ-6 ಡ್ರೈವ್ ಒಂದೇ ಇದೆ, ಅದೂ ಬಳಸಿದ್ದು. ಅದು ಕೆಡುವ ಮೊದಲು ಉಳಿಸಲೇಬೇಕಾದ್ದನ್ನು ಹೊಸ ಟೇಪ್‌ಗೆ ದಾಟಿಸಬೇಕು. ಯಾವುದನ್ನು ಎಷ್ಟು ವರ್ಷ ಇಡಬೇಕು ಎಂದು ಲೆಕ್ಕಪತ್ರ ಮತ್ತು ಕಾನೂನು ವಿಭಾಗದವರು ಪಟ್ಟಿ ಮಾಡಿಕೊಟ್ಟಿದ್ದಾರೆ. ಎರಡನೇ ಕಚೇರಿಯ ಟೇಪ್‌ಗಳಿಂದ ಶುರು ಮಾಡಿದ್ದೇವೆ. ಒಂದು ಟೇಪ್ ಬಿಸ್ಕ್ಯಾನ್ ಆದ ಮೇಲೆ ಪಟ್ಟಿಯಲ್ಲಿರುವ ಫೋಲ್ಡರ್‌ಗಳನ್ನು ರಿಸ್ಟೋರ್ ಮಾಡಿ, ಒಂದಷ್ಟು ಫೈಲ್‌ಗಳನ್ನು ಆಯಾ ವಿಭಾಗದವರಿಂದಲೇ ತೆರೆಸಿ ನೋಡಿ, ಆಮೇಲಷ್ಟೇ ಹೊಸ ಸರ್ವರ್‌ನಲ್ಲಿ ಬ್ಯಾಕಪ್‌ಗೆ ಹಾಕುತ್ತೇವೆ. ಹಳೇ ಟೇಪನ್ನು ಆಗಲೂ ಬಿಸಾಡುತ್ತಿಲ್ಲ.